ನಾಲ್ಕು ಗಂಟೆಯ ಕಂಬ

"ನಿಮ್ಮ ಲಾರೀನ ನಮ್ಮ ಕಂಪ್ಯೂಟರ್ ಒಲ್ಲೆ ಅಂತೈತ್ರಿ."

ಶೈಲಶ್ರೀ ಫೋನಿನಲ್ಲಿ ರೇವಣಸಿದ್ದನಿಗೆ ಆಡಿದ ಮೊದಲ ಮಾತು ಇದು. ಇದರಲ್ಲಿ ಯಾರಿಗಾದರೂ ಪ್ರೀತಿಯ ಸುಳಿವು ಸಿಕ್ಕರೆ ಅವರ ಕಿವಿಗೆ ದೊಡ್ಡ ನಮಸ್ಕಾರ. ಅವಳು ಹೊಸಪೇಟೆಯ ಲಾರಿ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅವನು ಸಂಡೂರಿನ ಯಾರ್ಡಿನಲ್ಲಿ, ಅದಿರು ತುಂಬಿದ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಪಕ್ಕದ ತಗಡಿನ ಕ್ಯಾಬಿನ್ನಿನಲ್ಲಿದ್ದ. ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ.

"ಯಾಕಂತ್ರಿ? ಲಾರಿ ಭಾಳ ದೊಡ್ಡದಾತೇನು ಅದಕ್ಕ?"

"ನಗಬ್ಯಾಡ್ರಿ. ತೂಕದ ಸ್ಲಿಪ್ಪಿನ್ಯಾಗ ಒಂದೇ ನಂಬರ್ ಎರಡು ಸಲ ಓದೀರಿ. ಒಂದು ನಂಬರಿಗೆ ಒಂದೇ ಲಾರಿ. ಎರಡನೇದು ಬಂದ್ರ ಒಳಗ ಬಿಡಂಗಿಲ್ಲ. ಪ್ರೈಮರಿ ಕೀ ಅಂತಾರ ಅದಕ್ಕ."

"ಓಹೋ! ಭಾಳ ಕಟ್ಟುನಿಟ್ಟಿನ ಮಂದಿ ಅದೀರಿ."

ಅವನು ಕಳ್ಳಲೆಕ್ಕ ಕೊಡುತ್ತಿದ್ದಾನೆ ಎಂದೇ ಅವಳು ನಂಬಿದ್ದಳು. ಜಗಳಕ್ಕೆ ಸೆರಗು ಬಿಗಿದುಕೊಂಡು ಕೂತಿದ್ದಳು. ಆ ಕಡೆಯಿಂದ ಕಾಗದ ಸರಿಸುವ ಸದ್ದು ಬಂತು. ಆಮೇಲೆ ಅವನ ದನಿ ಸಣ್ಣಗಾಯಿತು.

"ಚಹಾ ಚೆಲ್ಲಿ ಎರಡು ಸ್ಲಿಪ್ ಅಂಟ್ಕೊಂಡಾವ್ರಿ ಮೇಡಂ. ಮ್ಯಾಲಿಂದನ್ನೇ ಎರಡು ಸಲ ಓದೀನಿ. ತಪ್ಪು ನಂದ. ನಿಮ್ಮ ಕೀಗೆ ನಾ ಕೈ ಮುಗದೀನಿ ಅಂತ ಹೇಳ್ರಿ."

ಇಷ್ಟು ಬೇಗ ಸೋಲೊಪ್ಪುವವನ ಜೊತೆ ಜಗಳ ಹೇಗೆ ಆಡುವುದು? ಅವಳಿಗೆ ನಗು ಬಂತು. ನಕ್ಕಿದ್ದು ಅವನಿಗೆ ಕೇಳಿಸಿತು. ಆ ದಿನದಿಂದ ಅವನು ಚಹಾದ ಲೋಟವನ್ನು ಸ್ಲಿಪ್ಪುಗಳಿಂದ ದೂರ ಇಟ್ಟ, ಫೋನನ್ನು ಮಾತ್ರ ಹತ್ತಿರ ಇಟ್ಟುಕೊಂಡ.

ಅದು ಎರಡು ಸಾವಿರದ ಆರನೇ ಇಸವಿ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಹೊರಟಿದ್ದವು. ಅಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗಿರುತ್ತಿತ್ತು. ಆಫೀಸಿನ ಮಾಲೀಕರಾದ ಮನೋಹರ್ ಸರ್ ತಂದೆಯ ಅಕ್ಕಿ ಗಿರಣಿಯನ್ನು ತಮ್ಮನಿಗೆ ಬಿಟ್ಟು ಲಾರಿ ವ್ಯವಹಾರಕ್ಕೆ ಇಳಿದಿದ್ದರು. ಅವರಿಗೆ ಎರಡು ಯಾರ್ಡು, ಒಂದು ಸಂಡೂರಿನಲ್ಲಿ, ಇನ್ನೊಂದು ಹೊಸಪೇಟೆಯ ಹೊರಗೆ. ಯಾವ ಯಾರ್ಡಿನಿಂದ ಲಾರಿ ಜಲ್ದಿ ಹೊರಬೀಳುತ್ತದೆ, ಎಲ್ಲಿ ಸುಮ್ಮನೆ ನಿಲ್ಲುತ್ತದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಿದ್ದರು. ಕಥೆ ಕೇಳಿ ಸಾಕಾದ ಸರ್, ಬಿ.ಕಾಂ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಶೈಲಶ್ರೀಯನ್ನು ಸ್ಟೇಷನ್ ರೋಡಿನ ಮಹಡಿ ಮೇಲಿನ ಕಂಪ್ಯೂಟರ್ ಕ್ಲಾಸಿಗೆ ಹಾಕಿದರು.

"ಡೇಟಾಬೇಸ್ ಕಲಿ ಅಮ್ಮ. ಇನ್ನ ಮ್ಯಾಲೆ ಬಾಯಿಮಾತಿನ ಮ್ಯಾಲೆ ನಾ ಒಂದು ತೀರ್ಮಾನಾನೂ ಮಾಡಂಗಿಲ್ಲ."

ಕ್ಲಾಸಿನ ಪೂಜಿತಾ ಮೇಡಂ ಟೇಬಲ್ ಕಟ್ಟುವುದು, ಕಂಪ್ಯೂಟರಿಗೆ ಬೇಕಾದ್ದು ಕೇಳುವ ಕ್ವೆರಿ ಬರೆಯುವುದು, ಸಾವಿರಾರು ಸಾಲುಗಳನ್ನು ಒಂದು ಚಾರ್ಟಿನಲ್ಲಿ ತೋರಿಸುವುದು, ಎಲ್ಲವನ್ನೂ ತಾಳ್ಮೆಯಿಂದ ಕಲಿಸಿದರು. ಒಂದು ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. "ಏನಾಯ್ತು ಅಂತ ಡೇಟಾ ಹೇಳುತ್ತೆ. ಯಾಕಾಯ್ತು ಅಂತ ತಿಳ್ಕೊಳ್ಳೋಕೆ ನೀವೇ ಎದ್ದು ಹೋಗಿ ಕೇಳ್ಬೇಕು. ಅದಕ್ಕೇ ಕೊನೆಗೊಂದು ರಿಮಾರ್ಕ್ಸ್ ಕಾಲಂ ಇಟ್ಕೊಳ್ಳಿ."

ಶೈಲಶ್ರೀ ಇಟ್ಟುಕೊಂಡಳು. ಸ್ಲಿಪ್ ನಂಬರ್, ಲಾರಿ ನಂಬರ್, ತೂಕ, ವೇಬ್ರಿಡ್ಜಿಗೆ ಬಂದ ಟೈಮು, ಹೋದ ಟೈಮು, ಕೊನೆಗೆ ರಿಮಾರ್ಕ್ಸ್. ಮನೋಹರ್ ಸರ್ ಅದನ್ನು ನೋಡಿ, "ಇದ್ಯಾಕಮ್ಮ? ಕಾರಣ ಕೇಳ್ಕೋತ ಕುಂತ್ರ ಲಾರಿ ಓಡ್ತಾವೇನು?" ಎಂದು ನಕ್ಕರು. ಆ ಕಾಲಂ ಖಾಲಿ ಉಳಿಯಿತು.

ಸಂಡೂರಿನ ಲೆಕ್ಕ ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಆಫೀಸಿನಲ್ಲೊಂದು, ಯಾರ್ಡಿನಲ್ಲೊಂದು ಮೊಬೈಲ್ ಇತ್ತು. ಆ ಎರಡರ ನಡುವೆ ಎಷ್ಟು ಮಾತಾಡಿದರೂ ಫ್ರೀ. ರೇವಣ ಸ್ಲಿಪ್ಪು ಓದಬೇಕು, ಶೈಲಾ ಟೈಪ್ ಮಾಡಬೇಕು. ಕೆಲಸ ಹತ್ತು ನಿಮಿಷದ್ದು. ಮೊದಮೊದಲು ಹತ್ತೇ ನಿಮಿಷದಲ್ಲಿ ಮುಗಿಯುತ್ತಿತ್ತು ಕೂಡ.

"ಇವತ್ತೇನು ಕಲಿಸಿದ್ರು ನಿಮ್ಮ ಮೇಡಂ?"

"ನಿಮಗ್ಯಾಕ್ರಿ?"

"ನೀವು ಫೀ ಕಟ್ಟಿ ಕಲೀತೀರಿ, ನಾ ಪುಕ್ಕಟೆ ಕಲೀತೀನಿ. ಹೇಳ್ರಿ."

"ಲೆಫ್ಟ್ ಜಾಯಿನ್. ಈ ಕಡಿ ಲಾರಿ ಪಟ್ಟಿ, ಆ ಕಡಿ ಡ್ರೈವರ್ ಪಟ್ಟಿ. ಎರಡೂ ಹೊಂದಿಸಾಕ ಹೋದಾಗ ಒಂದು ಲಾರಿಗೆ ಆ ಕಡಿ ಯಾರೂ ಸಿಗಲಿಲ್ಲ ಅಂದ್ರೂ ಲಾರಿ ಬಿಟ್ಟು ಹೋಗಬಾರದು. ಎದುರಿನ ಜಾಗ ಖಾಲಿ ಇಟ್ಕೊಂಡು ಹಂಗ ನಿಂತಿರತೈತಿ."

"ಪಾಪ! ಯಾರ ಸಲುವಾಗಿ?"

"ಯಾರ ಸಲುವಾಗೂ ಅಲ್ರಿ. ಲೆಕ್ಕ ತಪ್ಪಬಾರದಂತ."

"ಆ ಲಾರಿ ನಾ ಆಗಾಕ ಒಲ್ಲೆ ನೋಡ್ರಿ ಶೈಲಾ ಅವ್ರ."

ಅವನು ಮೇಡಂ ಎನ್ನುವುದನ್ನು ಮರೆತ ಮೊದಲ ದಿನ ಅದು. ಅವಳ ಕೈ ಕೀಬೋರ್ಡಿನ ಮೇಲೆ ಸುಮ್ಮನೆ ನಿಂತಿತು. ಫೋನಿನ ಆ ಕಡೆ ಹಾರ್ನುಗಳು ಒಂದರ ಮೇಲೊಂದು ಕೂಗುತ್ತಿದ್ದವು.

"ಹಾರ್ನ್ ಹೊಡ್ಯಾಕತ್ತಾರಲ್ರಿ?"

"ಹೊಡೀಲಿ ಬಿಡ್ರಿ. ಅವ್ರಿಗೂ ಕೈಗೆ ಕೆಲಸ ಬೇಕಲ್ಲ?"

ಹತ್ತು ನಿಮಿಷ ಇಪ್ಪತ್ತಾಯಿತು. ಇಪ್ಪತ್ತು ನಲವತ್ತಾಯಿತು. ಯಾವಾಗ ಆಯಿತು ಎಂದು ಕೇಳಿದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಊಟಕ್ಕೆ ಏನಿತ್ತು ಎಂಬಲ್ಲಿಂದ ಶುರುವಾಗಿ, ಯಾವ ಬಣ್ಣದ ಸೀರೆ ಉಟ್ಟಿದ್ದೀರಿ ಎಂಬಲ್ಲಿಗೆ ಬರುತ್ತಿತ್ತು. "ಅದನ್ನ ಯಾವ ಕಾಲಂದಾಗ ಬರ್ಕೋತೀರಿ?" ಎಂದು ಅವಳು ಗದರಿಸುತ್ತಿದ್ದಳು, ಆಮೇಲೆ ಬಣ್ಣವನ್ನೂ ಹೇಳುತ್ತಿದ್ದಳು.

ಮುಖ ನೋಡಿದ್ದು ಮಲಪನಗುಡಿಯಲ್ಲಿ. ಒಂದು ಭಾನುವಾರ ರಜೆ ಕೇಳಿ ಅವನು ಊರಿಗೆ ಹೊರಟಿದ್ದ, ಕಂಪ್ಲಿ ಬಸ್ಸು ಆ ದಾರಿಯಲ್ಲೇ ಹೋಗುತ್ತದೆ. ಅವಳು ಚಿತ್ತವಾಡ್ಗಿಯ ಮನೆಯಲ್ಲಿ ಗೆಳತಿಯ ಹೆಸರು ಹೇಳಿ ಬಂದಿದ್ದಳು. ಹಳೆಯ ಮೆಟ್ಟಿಲುಬಾವಿಯ ಹತ್ತಿರ ಯಾರೋ ಎಮ್ಮೆ ಕಟ್ಟಿದ್ದರು. ಫೋನಿನಲ್ಲಿ ಅಷ್ಟು ಮಾತಾಡುವವನು ಎದುರಿಗೆ ಬಂದ ಕೂಡಲೇ ಎಮ್ಮೆಯನ್ನೇ ನೋಡುತ್ತಾ ನಿಂತ.

"ನಾ ಈ ಕಡಿ ಅದೀನಿ," ಎಂದಳು ಶೈಲಾ.

ಅವನು ತಿರುಗಿದ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಆದರೂ ಕಿವಿಯ ಮಡಿಕೆಯಲ್ಲಿ, ರೆಪ್ಪೆಯ ಬುಡದಲ್ಲಿ ಸಂಡೂರಿನ ಕೆಂಪು ಧೂಳು ಕೂತಿತ್ತು. ಕಣ್ಣೆತ್ತಿ ಅವಳನ್ನು ನೋಡಿದ, ತಕ್ಷಣ ಇಳಿಸಿದ, ನೋಡಿದ್ದು ಸಾಲಲಿಲ್ಲವೆಂದು ಮತ್ತೆ ಎತ್ತಿದ. ಅವಳು ಆ ಕಳ್ಳಾಟವನ್ನೆಲ್ಲ ಕಂಡೂ ಕಾಣದವಳಂತೆ ಬಾವಿಯ ಮೆಟ್ಟಿಲ ಮೇಲೆ ಕೂತಳು. ಎದೆ ಮಾತ್ರ ಎರಡು ಊರಿಗೆ ಕೇಳುವಷ್ಟು ಜೋರಾಗಿ ಬಡಿಯುತ್ತಿತ್ತು.

"ಕಿವ್ಯಾಗ ಅದಿರು ಐತಿ. ತೂಕ ಹಾಕಿ ತಂದೀರೇನು?"

ಅವನು ಕಿವಿ ಒರೆಸಿಕೊಂಡ. ಕಿವಿ ಇನ್ನೂ ಕೆಂಪಾಯಿತು, ಈ ಸಲ ಧೂಳಿನಿಂದಲ್ಲ. ಚೀಲದಿಂದ ಸುಗಂಧಿ ಬಾಳೆಹಣ್ಣಿನ ಚಿಪ್ಪು ತೆಗೆದು ಅವಳ ಪಕ್ಕ ಇಟ್ಟ. ಒಂದು ಹಣ್ಣನ್ನು ಇಬ್ಬರೂ ಹಂಚಿ ತಿಂದರು, ಚಿಪ್ಪಿನಲ್ಲಿ ಅಷ್ಟೊಂದು ಹಣ್ಣಿದ್ದರೂ.

"ಒಂದು ಮಾತು ಹೇಳ್ಲಾ? ಸರ್ ಹೊಸ ದೊಡ್ಡ ವೇಬ್ರಿಡ್ಜ್ ತರಾಕತ್ತಾರಂತ. ಎರಡರಾಗ ಯಾವ ಯಾರ್ಡಿಗೆ ಹಾಕ್ತಾರೋ ಅಲ್ಲಿ ಇರಾಂವನ್ನ ಇನ್‌ಚಾರ್ಜ್ ಮಾಡ್ತಾರ. ಹಂಗಾತಂದ್ರ..."

"ಹಂಗಾತಂದ್ರ?"

"ಆ ದಿನಾನ ಅವ್ವನ್ನ ಕರ್ಕೊಂಡು ನಿಮ್ಮಪ್ಪಾರ ಮುಂದ ಬಂದು ಕುಂದ್ರತೀನಿ. ನಮ್ಮ ಮಂದಿ ಬ್ಯಾರೆ, ನಿಮ್ಮ ಮಂದಿ ಬ್ಯಾರೆ, ನಂಗ ಗೊತ್ತೈತಿ. ಬರೀ ಸ್ಲಿಪ್ ಹರಿಯಾಂವ ಬಂದ್ರ ಬಾಗಿಲಾಗ ನಿಲ್ಲಿಸಿ ಕಳಸ್ತಾರ. ಇನ್‌ಚಾರ್ಜ್ ಅಂದ್ರ ಕುಂದ್ರ ಅಂತನಾದ್ರೂ ಅಂತಾರ."

ಶೈಲಾ ತನ್ನ ತಂದೆ ಕೊಟ್ರಯ್ಯನನ್ನು ನೆನೆದಳು. ಕುಂದ್ರು ಅಂದರೂ ಅಂದಾರು ಎಂದು ಅವಳಿಗೆ ಅನ್ನಿಸಿತು. ಅಷ್ಟು ಆಸೆಯೇ ಅವಳಿಗೆ ಸಾಕಾಗಿತ್ತು.

ಮಳೆಗಾಲದಲ್ಲಿ ಊರಿಗೆಲ್ಲ ಚಿಕೂನ್‌ಗುನ್ಯಾ ಬಂತು. ಶೈಲಾಳೂ ಒಂದು ವಾರ ಹಾಸಿಗೆ ಹಿಡಿದಳು. ಆ ವಾರ ನಾಲ್ಕು ಗಂಟೆಗೆ ಫೋನೆತ್ತಿದ್ದು ಆಫೀಸಿನ ಹಿರಿಯ ಸೂಪರ್‌ವೈಸರ್ ಉಚ್ಚೆಂಗಪ್ಪ. ಕೊಟ್ರಯ್ಯನ ಗೆಳೆಯ, ಅವಳಿಗೆ ಈ ಕೆಲಸ ಕೊಡಿಸಿದವರು. ಕೀಲು ಹಿಡಿದುಕೊಂಡ ಕೈಯಲ್ಲಿ ಗಂಜಿಯ ಚಮಚ ಹಿಡಿದು ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು. ನಾಲ್ಕಾದಾಗ ಅಳು ಬರುತ್ತಿತ್ತು, ಅವ್ವ ಅದನ್ನು ಜ್ವರದ ನೋವೆಂದು ತಿಳಿದಳು.

ದಸರೆ ಕಳೆದ ಮೇಲೆ ಮನೋಹರ್ ಸರ್ ಕೇಳಿದರು. "ಈಗ ತೋರ್ಸಮ್ಮ ನಿನ್ನ ವಿದ್ಯೆ. ಹೊಸ ವೇಬ್ರಿಡ್ಜ್ ಯಾವ ಯಾರ್ಡಿಗೆ ಹಾಕ್ಲಿ?"

ಅವಳು ಕಾಯುತ್ತಿದ್ದ ಪ್ರಶ್ನೆ ಅದೇ. ಸಂಡೂರಿನಿಂದ ಹೊರಡುವ ಟನ್ನು ಹೆಚ್ಚು, ತೂಕದ ತಪ್ಪು ಕಡಿಮೆ. ಎಲ್ಲವನ್ನೂ ಸಾಲು ಸಾಲಾಗಿ ತಯಾರು ಮಾಡಿದಳು. ಸರ್ ಅವಳ ಕುರ್ಚಿಯ ಹಿಂದೆ ನಿಂತು ಒಂದೊಂದಕ್ಕೂ ತಲೆಯಾಡಿಸಿದರು. ಗೆದ್ದೆವು ಎಂದುಕೊಂಡಳು ಶೈಲಾ. ಗೆದ್ದ ಖುಷಿಯಲ್ಲಿ, ಕ್ಲಾಸಿನಲ್ಲಿ ಹಿಂದಿನ ವಾರವಷ್ಟೇ ಕಲಿತ ಇನ್ನೊಂದು ಚಾರ್ಟನ್ನೂ ತೋರಿಸುವ ಹುಮ್ಮಸ್ಸು ಬಂತು. ಲಾರಿ ವೇಬ್ರಿಡ್ಜಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಗಂಟೆಯ ಪ್ರಕಾರ. ಗಂಟೆಗೊಂದು ಕಂಬ. ಅವಳೇ ಇನ್ನೂ ಅದನ್ನು ತೆರೆದು ನೋಡಿರಲಿಲ್ಲ.

ಕಂಬಗಳು ಸ್ಕ್ರೀನಿನ ಮೇಲೆ ಎದ್ದವು. ಬೆಳಗಿನಿಂದ ಸಂಜೆಯವರೆಗೆ ಎಲ್ಲವೂ ಗಿಡ್ಡ, ಒಂದೇ ಎತ್ತರ. ನಾಲ್ಕು ಗಂಟೆಯ ಕಂಬ ಮಾತ್ರ ತೆಂಗಿನ ಮರದ ಹಾಗೆ ಮೇಲೆ ಹೋಗಿತ್ತು.

"ಏನಮ್ಮ ಇದು, ನಾಕು ಗಂಟೆಗೆ?"

ಶೈಲಾಳಿಗೆ ನೋಡಿದ ಕ್ಷಣವೇ ತಿಳಿಯಿತು. ಕಿವಿಯಲ್ಲಿ ಆ ಹಾರ್ನುಗಳೆಲ್ಲ ಒಟ್ಟಿಗೆ ಕೂಗಿದವು. ಅವನು ಅವಳ ಸೀರೆಯ ಬಣ್ಣ ಕೇಳುತ್ತಿದ್ದಾಗ ಅಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

"ವಾರದ ಪ್ರಕಾರ ಒಡದು ತೋರ್ಸು," ಎಂದರು ಸರ್.

ಅವಳು ಒಡೆದು ತೋರಿಸಿದಳು. ಭಾನುವಾರ ಆ ಕಂಬ ಇರಲಿಲ್ಲ. ಭಾನುವಾರ ಅವಳಿಗೆ ರಜೆ.

"ಈಗ ತಾರೀಕಿನ ಪ್ರಕಾರ."

ಮಳೆಗಾಲದ ನಡುವೆ ಒಂದು ವಾರ ನಾಲ್ಕು ಗಂಟೆಯ ಗೆರೆ ನೆಲಕ್ಕೆ ಮಲಗಿತ್ತು. ಅವಳು ಗಂಜಿ ಕುಡಿಯುತ್ತಾ ಅತ್ತ ವಾರ. ತನ್ನ ಮನಸ್ಸನ್ನೇ ಯಾರೋ ಸ್ಕ್ರೀನಿನ ಮೇಲೆ ಬಿಚ್ಚಿ ಹರಡಿದಂತೆ ಅವಳಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಸರ್ ಅದರಲ್ಲಿ ಕಂಡದ್ದು ಬೇರೆಯದನ್ನೇ.

"ತಿಳೀತು ಬಿಡು. ನಮ್ಮ ಲಾರಿ ನಿಲ್ಲಿಸಿ ಹೊರಗಿನವರ ಲಾರಿ ತೂಗಿ ಕಳಸಾಕತ್ತಾನ. ಭಾನುವಾರ ಅವ್ರು ಬರಂಗಿಲ್ಲ. ಆ ವಾರ ಅವ್ರಿಗೆ ಲೋಡ್ ಇರಲಿಕ್ಕಿಲ್ಲ. ಉಚ್ಚೆಂಗಪ್ಪ, ನಾಳೆ ಆ ರೇವಣಸಿದ್ದನ್ನ ಕರೆಸು."

ಅವಳು ಆಗಲೇ ಬಾಯಿ ಬಿಡಬಹುದಿತ್ತು. ಸರ್ ಹೋದ ಮೇಲೆ ಫೋನ್ ಮಾಡಿ ಎಲ್ಲವನ್ನೂ ಅವನಿಗೆ ಹೇಳಿದಳು.

"ನಾಳೆ ನಾ ಇದ್ದದ್ದು ಇದ್ದಂಗ ಹೇಳಿಬಿಡ್ತೀನಿ."

"ಬ್ಯಾಡ್ರಿ. ನಿಮ್ಮ ಹೆಸರು ಬರೂದು ಬ್ಯಾಡ. ಆಫೀಸಿನ್ಯಾಗ ಹುಟ್ಟಿದ ಮಾತು ಚಿತ್ತವಾಡ್ಗಿ ಮುಟ್ಟಾಕ ಎಷ್ಟೊತ್ತು? ನಾ ಏನರ ಹೇಳ್ತೀನಿ."

"ಏನಂತ?"

ಅವನ ಹಿಂದೆ ಯಾವುದೋ ಲಾರಿ ಹಾರ್ನ್ ಹೊಡೆಯಿತು. ಅವನು ಈ ಸಲ ಫೋನ್ ಇಟ್ಟು ಎದ್ದು ಹೋದ.

ಮರುದಿನ ಬೆಳಿಗ್ಗೆ ಅವನು ಮನೋಹರ್ ಸರ್ ಟೇಬಲ್ಲಿನ ಎದುರು ಕೈಕಟ್ಟಿ ನಿಂತಿದ್ದ. ಮಲಪನಗುಡಿಗೆ ಹಾಕಿಕೊಂಡು ಬಂದಿದ್ದ ಅದೇ ಇಸ್ತ್ರಿ ಅಂಗಿ. ಉಚ್ಚೆಂಗಪ್ಪ ಬಾಗಿಲ ಹತ್ತಿರ ಕೂತಿದ್ದರು. ಚಾರ್ಟಿನ ಪ್ರಿಂಟು ಟೇಬಲ್ಲಿನ ಮೇಲಿತ್ತು.

"ನಾಕು ಗಂಟೆಗೆ ಏನು ಮಾಡ್ತಿಯೋ ನೀ?"

"ನಿದ್ದಿ ಬರತಿತ್ರಿ ಸರ್."

"ದಿನಾ ನಾಕಕ್ಕ? ಭಾನುವಾರ ಬಿಟ್ಟು? ನನ್ನ ಮುಂದ ಕಥಿ ಹೇಳಬ್ಯಾಡ. ಯಾರ ಲಾರಿ ತೂಗ್ತಿದ್ದಿ?"

ಶೈಲಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು.

"ಸರ್, ಆ ಟೈಮಿಗೆ ಅವ್ರು ನನ್ನ ಜೋಡಿ ಮಾತಾಡ್ತಿದ್ರು. ದಿನಾ. ರೀಡಿಂಗ್ ಮುಗಿದ ಮ್ಯಾಲೂ. ಭಾನುವಾರ ನಂಗ ರಜಾ. ಆ ಒಂದು ವಾರ ನಾ ಜ್ವರದಾಗ ಇದ್ದೆ. ಅವ್ರು ಯಾರ ಲಾರೀನೂ ತೂಗಿಲ್ರಿ. ನಾವಿಬ್ಬರೂ... ಒಬ್ಬರನ್ನೊಬ್ಬರು ಇಷ್ಟಪಟ್ಟೀವಿ."

ಉಚ್ಚೆಂಗಪ್ಪ ನೆಲ ನೋಡಿದರು. ಅವಳಿಗೆ ಒಳಗೆ ಏನೋ ಹಗುರವಾಯಿತು. ಹೇಳಿಬಿಟ್ಟೆ, ಇನ್ನು ಯಾರು ಏನು ಅಂದರೂ ಅನ್ನಲಿ ಎಂದು ಅವನ ಕಡೆ ನೋಡಿದಳು. ಅವನು ಒಮ್ಮೆ ಕಣ್ಣೆತ್ತಿದ್ದರೆ ಸಾಕಿತ್ತು.

ಅವನು ಸರ್ ಮುಖವನ್ನೇ ನೋಡುತ್ತಿದ್ದ.

"ಹಂಗೇನಿಲ್ರಿ ಸರ್. ಮೇಡಂ ಪಾಪ, ನನ್ನ ಕೆಲಸ ಹೋಗ್ತೈತಿ ಅಂತ ಕರುಣಾ ಬಂದು ಹೇಳಾಕತ್ತಾರ. ನಾ ರೀಡಿಂಗ್ ಕೊಟ್ಟು ಹತ್ತೇ ನಿಮಿಷಕ್ಕ ಫೋನ್ ಇಡತಿದ್ದೆ. ಹೊರಗಿನ ಲಾರಿ ತೂಗಿದ್ದು ಖರೆ. ತಪ್ಪಾತ್ರಿ."

ಮನೋಹರ್ ಸರ್ ಶೈಲಾಳ ಕಡೆ ತಿರುಗಿ, ಮಕ್ಕಳಿಗೆ ಹೇಳುವಂತೆ ಹೇಳಿದರು. "ಕುಂದ್ರಮ್ಮ. ಒಳ್ಳೆ ಮನಸ್ಸು ನಿಂದು. ಆದ್ರ ಒಬ್ಬ ಕಳ್ಳನ್ನ ಉಳಿಸಾಕ ಇಂಥ ಮಾತೆಲ್ಲ ಬಾಯಿಂದ ಬರಬಾರದು."

ರೇವಣ ಯಾರ್ಡಿನ ಮೊಬೈಲನ್ನು ಟೇಬಲ್ಲಿನ ಮೇಲಿಟ್ಟು ಹೊರಗೆ ಹೋದ. ಅವನ ಹಿಂದೆ ಹೊರಟ ಅವಳನ್ನು ಉಚ್ಚೆಂಗಪ್ಪ ಬಾಗಿಲಲ್ಲಿ ತಡೆದರು.

"ಆ ವಾರ ಫೋನ್ ಎತ್ತಿದಾಂವ ನಾನ ಅಲ್ಲೇನವ್ವ? ನಂಗ ತಿಳೀದಂಗ ಇರತೈತೇನು? ಆ ಹುಡುಗ ದೊಡ್ಡ ಮನಸ್ಸು ಮಾಡ್ಯಾನ. ಮುಚ್ಚಿದ್ದನ್ನ ತಗೀಬ್ಯಾಡ. ನಿಮ್ಮಪ್ಪಗ ನಾ ಏನೂ ಹೇಳಂಗಿಲ್ಲ."

"ಅಪ್ಪಗ ಹೇಳ್ರಿ ಕಾಕಾ. ಸರ್‌ಗೂ ಹೇಳ್ರಿ. ನಾ ಹೇಳಿದ್ದು ಖರೆ ಅಂತ ಒಂದು ಮಾತು ಹೇಳ್ರಿ."

ಅವರು ತಲೆ ಅಲ್ಲಾಡಿಸಿದರು. ಅವಳು ಅವರನ್ನು ಸರಿಸಿ ಓಡಿದಳು.

ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ಜನ ಹತ್ತಿಸಿಕೊಳ್ಳುತ್ತಿತ್ತು. ಅವನು ಬಾಗಿಲ ಹತ್ತಿರ ನಿಂತಿದ್ದ, ಹತ್ತಲು ಮನಸ್ಸಿಲ್ಲದವನಂತೆ. ಅವಳನ್ನು ಕಂಡು ಅವನ ಮುಖದಲ್ಲಿ ಒಂದು ಗಳಿಗೆ ಹಳೆಯ ನಾಚಿಕೆ ಬಂದು ಹೋಯಿತು.

"ನಿಮ್ಮ ಹೆಸರು ಕೆಡಬಾರದಂತ..." ಎಂದು ಶುರುಮಾಡಿದ.

"ಯಾರನ್ನ ಕೇಳಿ?" ಎಂದಳು. ಇಷ್ಟು ದಿನದ 'ರೀ' ಎಲ್ಲಿ ಹೋಯಿತೋ, ಸಿಟ್ಟಿನಲ್ಲಿ ಅವಳು ಮೊದಲ ಸಲ ಏಕವಚನಕ್ಕೆ ಬಂದಳು. "ನನ್ನ ಹೆಸರು ಕೆಡ್ಲಿ ಅಂತನ ನಾ ಎದ್ದು ನಿಂತಿದ್ದೆ. ಜೀವ ಗಟ್ಟಿ ಮಾಡಿ, ಅಷ್ಟು ಮಂದಿ ಎದುರು ಒಂದು ಮಾತು ಹೇಳಿದೆ. ಅದನ್ನ ನೀ ಇಲ್ಲ ಅಂದಿ. ಕರುಣಾ ಅಂದಿ. ಕರುಣಾ ಏನೋ ಅದು?"

"ಶೈಲಾ..."

"ಕಳ್ಳ ಅಂತ ಒಪ್ಕೊಂಡು ಬಂದಿ. ಇನ್ನ ಮ್ಯಾಲೆ ಯಾವ ಯಾರ್ಡಿನ್ಯಾಗ ನಿನ್ನ ಇಟ್ಕೋತಾರ? ನಮ್ಮಪ್ಪನ ಮುಂದ ಯಾವ ಮುಖ ತಗೊಂಡು ಬಂದು ಕುಂದ್ರತಿ? ನನ್ನ ಉಳಿಸಿದಿ ಅಂದ್ಕೊಂಡಿ. ಯಾರಿಗೆ ಉಳಿಸಿದಿ?"

ಇದನ್ನು ಅವನು ಯೋಚಿಸಿರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳ ಹೆಸರನ್ನು ಕಾಪಾಡುವ ಆತುರದಲ್ಲಿ ಅವನು ತನ್ನ ಹೆಸರಿನ ಜೊತೆ ಅವಳ ದಾರಿಯನ್ನೂ ಮುಚ್ಚಿ ಬಂದಿದ್ದ. ಬಾಗಿಲ ಕಂಬಿ ಹಿಡಿದು ಬಸ್ಸಿನ ಚಕ್ರ ನೋಡುತ್ತಾ ನಿಂತ. ಫೋನಿನಲ್ಲಿ ನಲವತ್ತು ನಿಮಿಷ ಸಾಲದೆ ಹೋಗುತ್ತಿದ್ದವನು.

"ಈಗ ಬಾ," ಎಂದಳು ಅವಳು, ದನಿ ಇಳಿಸಿ. "ಈಗಲೂ ಬಾ. ಇಬ್ಬರೂ ಹೋಗಿ ಹೇಳೂಣು."

"ಈಗ ಹೇಳಿದ್ರ ಯಾರು ನಂಬ್ತಾರ? ಕಳ್ಳ ಸಿಕ್ಕಿಬಿದ್ದ ಮ್ಯಾಲೆ ಹುಡಿಗಿ ಹೆಸರು ಹೇಳ್ಯಾನ ಅಂತಾರ."

ಅದೂ ನಿಜವಿತ್ತು. ಕಂಡಕ್ಟರ್ ಶಿಳ್ಳೆ ಹೊಡೆದ. ಅವನು ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ, ಇವತ್ತು ಅವಳು ಉಟ್ಟಿದ್ದ ಸೀರೆಯನ್ನು ಒಮ್ಮೆ ಪೂರ್ತಿ ನೋಡಿದ. ಬಣ್ಣ ಕೇಳುವ ಅಗತ್ಯ ಇರಲಿಲ್ಲ. ಬಸ್ಸು ಕಮಲಾಪುರದ ಕಡೆ ತಿರುಗಿ ಹೋಯಿತು.

ಅವಳು ಕಾದಳು. ಸಿಟ್ಟು ಒಂದು ವಾರ ಇತ್ತು, ಆಮೇಲೆ ಕಾಯುವುದಷ್ಟೇ ಉಳಿಯಿತು. ಅವನ ಹತ್ತಿರ ಫೋನಿಲ್ಲ, ಅವಳ ಮನೆಗೆ ಬರುವ ಹಾಗಿಲ್ಲ. ಒಂದು ಭಾನುವಾರ ಅವಳೇ ಕಂಪ್ಲಿ ಬಸ್ಸು ಹತ್ತಿದಳು. ಗದ್ದೆಯ ದಾರಿಯಲ್ಲಿ ಕೇಳಿಕೊಂಡು ಹೋದಳು. ಅವನ ತಾಯಿ ಮರುಳಸಿದ್ದಮ್ಮ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು.

"ಯಾರವ್ವ ನೀನು? ಬಿಸಲಾಗ ನಿಂತಿ, ಒಳಗ ಬಾ."

"ರೇವಣಸಿದ್ದ ಅವ್ರು..."

"ಇಲ್ಲವ್ವ. ಇಲ್ಲೆಲ್ಲಿ ಕೆಲಸ ಸಿಗಲಿಲ್ಲ. ಬಂದರದ ಕಡಿ ಲಾರಿ ಹೊಂಟಿತ್ತು, ಕ್ಲೀನರ್ ಆಗಿ ಹತ್ತಿದ. ಹೋದಾಂವ ಹೋದ. ನೀ ಎಲ್ಲಿಂದ ಬಂದಿ?"

"ಹೊಸಪ್ಯಾಟಿ ಆಫೀಸಿನಿಂದ."

ಆ ತಾಯಿಯ ಕೈ ಮೊರದ ಮೇಲೆ ನಿಂತಿತು. "ನನ್ನ ಮಗನ್ನ ಕಳ್ಳ ಅಂದು ಕಳಿಸಿದ ಆಫೀಸೇನು?"

ಅವನು ಕಳ್ಳನಲ್ಲ ಎಂದು ಹೇಳಲೆಂದೇ ಬಂದಿದ್ದಳು. "ನಿಮ್ಮ ಮಗ ಏನೂ ಕದ್ದಿಲ್ಲವ್ವ. ನನ್ನ ಜೋಡಿ ಮಾತಾಡ್ತಿದ್ದ, ಅಷ್ಟ," ಎಂದಳು. ಮರುಳಸಿದ್ದಮ್ಮ ಮೊರ ಕೆಳಗಿಟ್ಟರು.

"ಹಂಗಾರ ಅವತ್ತ ಅಲ್ಲೇ ಯಾಕ ಹೇಳಲಿಲ್ಲ ತಾಯಿ?"

ಹೇಳಿದೆ ಎನ್ನಬಹುದಿತ್ತು. ಹೇಳಿದರೆ ಮಗನೇ ಇಲ್ಲವೆಂದ ಮಾತನ್ನೂ ಹೇಳಬೇಕಿತ್ತು. ಶೈಲಾ ಆ ತಾಯಿಯ ಕಾಲು ಮುಟ್ಟಿ ಎದ್ದು ಬಂದಳು. ಬಸ್ಸಿನಲ್ಲಿ ಮಲಪನಗುಡಿ ಬಂದಾಗ ಕಣ್ಣು ಮುಚ್ಚಿಕೊಂಡಳು.

ಸಂಕ್ರಾಂತಿ ಕಳೆದು ಹೊಸ ರಿಪೋರ್ಟು ಬೇಕೆಂದರು ಸರ್. ಅದನ್ನು ಕೊಡುವ ಹಿಂದಿನ ಸಂಜೆ, ಎಲ್ಲರೂ ಚಹಾಕ್ಕೆ ಹೋದಾಗ, ಶೈಲಾ ಒಂದು ಕ್ವೆರಿ ಬರೆದಳು. ಸಂಡೂರು ಯಾರ್ಡು, ನಾಲ್ಕು ಗಂಟೆ, ರೇವಣಸಿದ್ದ ಇದ್ದ ಅಷ್ಟೂ ದಿನದ ಸಾಲುಗಳು. ಭಾನುವಾರ ಬಿಟ್ಟು, ಜ್ವರದ ವಾರ ಬಿಟ್ಟು. ಆ ಸಾಲುಗಳ ಖಾಲಿ ರಿಮಾರ್ಕ್ಸ್ ಕಾಲಮ್ಮಿನಲ್ಲಿ ಒಂದೇ ವಾಕ್ಯ ಹಾಕು ಎಂದು ಕಂಪ್ಯೂಟರಿಗೆ ಹೇಳಿದಳು. 'ನನ್ನ ಜೊತೆ ಮಾತಾಡುತ್ತಿದ್ದರು. ಶೈಲಶ್ರೀ.' ಇಷ್ಟೊಂದು ಸಾಲು ಬದಲಾಗುತ್ತವೆ, ಮತ್ತೆ ಹಿಂದಕ್ಕೆ ಹೋಗಲು ಬರುವುದಿಲ್ಲ, ಮುಂದುವರಿಸಲೇ ಎಂದು ಅದು ಕೇಳಿತು. ಅವಳು ಹೌದು ಒತ್ತಿದಳು. ಕಂಪ್ಯೂಟರ್ ಅವಳ ಮಾತನ್ನು ಇಲ್ಲವೆನ್ನಲಿಲ್ಲ.

ಮರುದಿನ ಪ್ರಿಂಟನ್ನು ಸರ್ ಕೈಯಲ್ಲಿಟ್ಟಳು. ಮೇಲಿನ ಚಾರ್ಟಿನಲ್ಲಿ ಈಗಿನ ನಾಲ್ಕು ಗಂಟೆಯ ಕಂಬ ಉಳಿದ ಕಂಬಗಳಷ್ಟೇ ಗಿಡ್ಡವಾಗಿತ್ತು.

"ನೋಡಿದ್ಯೇನಮ್ಮ? ಅಂವ ಹೋದ, ಕಂಬ ಬಿತ್ತು. ಬಾಯಿಮಾತು ನಂಬಿ ಕುಂತಿದ್ರ ಇದು ನಮಗ ಸಿಗತಿತ್ತೇನು? ಹೊಸ ವೇಬ್ರಿಡ್ಜ್ ಸಂಡೂರಿಗೇ ಹಾಕೂಣು. ಈಗಿರೋ ಗಾಳೆಪ್ಪನ್ನ ಇನ್‌ಚಾರ್ಜ್ ಮಾಡೂಣು."

ಅವರು ಹಾಳೆ ತಿರುವಿದರು. ರೇವಣನ ದಿನಗಳ ಸಾಲುಗಳ ಕೊನೆಯ ಕಾಲಮ್ಮಿನ ಮೇಲೆ ಅವರ ಕಣ್ಣು ನಿಂತಿತು. ಒಂದು ಸಾಲು ಓದಿದರು, ಕೆಳಗಿನದ್ದು ಓದಿದರು, ಪುಟದ ತುದಿಯವರೆಗೆ ಅದೇ. ಮುಂದಿನ ಪುಟದಲ್ಲೂ ಅದೇ. ಅವರ ಮುಖದ ನಗು ಹೋಯಿತು. ಕನ್ನಡಕ ತೆಗೆದು ಒರೆಸಿದರು. ಶೈಲಾ ಕಾಯುತ್ತಾ ನಿಂತಿದ್ದಳು. ಬೈಯಲಿ, ಕೆಲಸದಿಂದ ತೆಗೆಯಲಿ, ಒಮ್ಮೆ ಹೌದಾ ಎಂದು ಕೇಳಲಿ ಸಾಕು.

ಸರ್ ಹಾಳೆಗಳನ್ನು ಜೋಡಿಸಿ ಅವಳ ಕಡೆ ಸರಿಸಿದರು. ಮುಖ ನೋಡಲಿಲ್ಲ.

"ಈ ಕಾಲಂ ತಗದು ಇನ್ನೊಂದು ಪ್ರಿಂಟ್ ಕೊಡಮ್ಮ."

ಅವಳು ತೆಗೆದು ಕೊಟ್ಟಳು.

ಸಂಜೆ ನಾಲ್ಕಕ್ಕೆ ಫೋನು ಬಂತು. ಗಾಳೆಪ್ಪ ಸ್ಲಿಪ್ಪುಗಳನ್ನು ಒಂದೂ ತಪ್ಪದೆ, ಗಡಿಬಿಡಿಯಿಲ್ಲದೆ ಓದಿದ. ಅವಳು ಟೈಪ್ ಮಾಡಿದಳು. "ಮುಗೀತ್ರಿ ಮೇಡಂ, ಇಡ್ಲಾ?" ಎಂದ ಅವನು. ಹತ್ತು ನಿಮಿಷವೂ ಆಗಿರಲಿಲ್ಲ. ಇಡ್ರಿ ಎನ್ನುವ ಮೊದಲು ಅವಳು ಒಂದು ಗಳಿಗೆ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿಸಿಕೊಂಡಳು. ಆ ಕಡೆ ಒಂದು ಹಾರ್ನೂ ಇರಲಿಲ್ಲ.